ರೋಬೋಟ್ ಏಕೆ ನಿಂತಿದೆ? ಅದರ ಪಕ್ಕದಲ್ಲಿ ದುಡಿಯುವವರಿಗೆ ಮಾಹಿತಿ ವ್ಯವಸ್ಥೆ ರೂಪಿಸುವ ಕ್ರಮ

"ಲೈನಿಗೆ ರೋಬೋಟ್ ತಂದಿದ್ದೇವೆ. ಪಕ್ಕದಲ್ಲಿ ಕೆಲಸ ಮಾಡುವವರಿಗಾಗಿ ಒಂದು ಸ್ಕ್ರೀನ್ ಹಾಕಬೇಕೆಂದಿದ್ದೇವೆ. ಅದರಲ್ಲಿ ಏನೇನು ತೋರಿಸಬೇಕು?" ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್ ಕಡೆಯ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸ್ಕ್ರೀನಿನಿಂದ ಹೊರಟರೆ ಉತ್ತರ ಸಿಗುವುದಿಲ್ಲ. ರೋಬೋಟ್ ಪಕ್ಕದಲ್ಲಿ ನಿಂತವರ ಮನಸ್ಸಿನಲ್ಲಿ ಯಾವ ಪ್ರಶ್ನೆ ಏಳುತ್ತದೆ, ಆ ಕ್ಷಣ ಅವರ ಕಣ್ಣು ಎಲ್ಲಿರುತ್ತದೆ, ಕೈ ಎಲ್ಲಿರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಎರಡು ಸಿಎನ್‌ಸಿ ಲೇತ್‌ಗಳು, ಅಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಯಂತ್ರಗಳು, ನಡುವೆ ಒಂದು ರೋಬೋಟ್. ಅದು ಟ್ರೇಯಿಂದ ಪಾರ್ಟ್ ಎತ್ತಿ ಲೇತಿನ ಚಕ್‌ಗೆ (ಪಾರ್ಟನ್ನು ಹಿಡಿದು ತಿರುಗಿಸುವ ಭಾಗಕ್ಕೆ) ಕೊಡುತ್ತದೆ, ಮುಗಿದದ್ದನ್ನು ಹೊರಗಿಡುತ್ತದೆ. ಒಬ್ಬ ಆಪರೇಟರ್ ಟ್ರೇ ತುಂಬುತ್ತಾರೆ, ಗೇಜ್ ಹಾಕಿ ಅಳತೆ ನೋಡುತ್ತಾರೆ, ಸವೆದ ಇನ್ಸರ್ಟ್ (ಲೋಹ ಕಡೆಯುವ ಸಣ್ಣ ಅಲಗು) ಬದಲಿಸುತ್ತಾರೆ, ಚಿಪ್ಸ್ (ಕಡೆದಾಗ ಉದುರುವ ಲೋಹದ ಚೂರು) ತೆಗೆಯುತ್ತಾರೆ. ಇಷ್ಟನ್ನು ಒಟ್ಟಾಗಿ ಸೆಲ್ ಎನ್ನುತ್ತಾರೆ. ನಿಮ್ಮಲ್ಲಿ ವೆಲ್ಡಿಂಗ್ ಅಥವಾ ಪ್ಯಾಕಿಂಗ್ ರೋಬೋಟ್ ಇದ್ದರೂ ಕ್ರಮ ಬದಲಾಗುವುದಿಲ್ಲ.

ಆರಂಭಿಸುವ ಮೊದಲು ಒಂದು ಎಚ್ಚರಿಕೆ

ಮಾಹಿತಿ ಎಂದಿಗೂ ಬೇಲಿಯ ಜಾಗ ತುಂಬುವುದಿಲ್ಲ. ಯಂತ್ರ ಸುರಕ್ಷತೆಯ ಮೂಲ ಮಾನದಂಡವಾದ ಐಎಸ್‌ಒ 12100 ಒಂದು ಸರದಿಯನ್ನು ಹೇಳುತ್ತದೆ. ಮೊದಲು ವಿನ್ಯಾಸದಲ್ಲೇ ಅಪಾಯವನ್ನು ಇಲ್ಲವಾಗಿಸಬೇಕು. ಆಗದಿದ್ದಲ್ಲಿ ಬೇಲಿ, ಇಂಟರ್‌ಲಾಕ್, ಲೈಟ್ ಕರ್ಟನ್‌ನಂಥ ರಕ್ಷಣೆ ಬೇಕು. ಅವೆರಡರ ನಂತರವೂ ಉಳಿಯುವ ಅಪಾಯಕ್ಕಷ್ಟೇ ಮಾಹಿತಿ. ಇಂಟರ್‌ಲಾಕ್ ಎಂದರೆ ಬಾಗಿಲು ತೆರೆದ ಕೂಡಲೇ ಯಂತ್ರವನ್ನು ನಿಲ್ಲಿಸುವ ಸ್ವಿಚ್. ಲೈಟ್ ಕರ್ಟನ್ ಎಂದರೆ ಕಾಣದ ಬೆಳಕಿನ ಪರದೆ, ಕೈ ಅಡ್ಡ ಬಂದರೆ ಯಂತ್ರ ನಿಲ್ಲುತ್ತದೆ. "ಸ್ಕ್ರೀನಿನಲ್ಲಿ ಎಚ್ಚರಿಕೆ ಬರುತ್ತದಲ್ಲ, ಬೇಲಿ ಏಕೆ?" ಎಂದು ಯಾರಾದರೂ ಕೇಳಿದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಅಪಾಯದ ಮೌಲ್ಯಮಾಪನಕ್ಕೆ ಹಿಂದಿರುಗಿ.

ಒಂದು ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ರಕ್ಷಣಾ ಸಾಧನಗಳನ್ನು ಎಷ್ಟು ದೂರದಲ್ಲಿಡಬೇಕೆಂದು ಹೇಳುವ ಐಎಸ್‌ಒ 13855 ಮಾನದಂಡ, ನಡೆದು ಬರುವ ಮನುಷ್ಯನ ವೇಗವನ್ನು ಸೆಕೆಂಡಿಗೆ 1600 ಮಿಲಿಮೀಟರ್ ಎಂದು ಹಿಡಿಯುತ್ತದೆ. ಎಚ್ಚರಿಕೆಯನ್ನು ಓದಿ ಅರ್ಥ ಮಾಡಿಕೊಳ್ಳಲು 2 ಸೆಕೆಂಡು ಹಿಡಿದರೂ ಅಷ್ಟರಲ್ಲಿ ಆತ 3.2 ಮೀಟರ್ ಒಳಗೆ ಬಂದಿರುತ್ತಾನೆ. ಯಾವ ಸ್ಕ್ರೀನೂ ಅಷ್ಟು ಬೇಗ ಯಾರನ್ನೂ ತಡೆಯಲಾರದು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ನೋಟ್‌ಪುಸ್ತಕ, ರಟ್ಟು, ದಪ್ಪ ಪೆನ್ನು, ಕಳೆದ ಮೂರು ತಿಂಗಳ ಅಲಾರಂ ದಾಖಲೆ. ಈ ದಾಖಲೆಯನ್ನು ರೋಬೋಟಿನ ಕಂಟ್ರೋಲರ್‌ನಿಂದ ಅಥವಾ ಪಿಎಲ್‌ಸಿಯಿಂದ, ಅಂದರೆ ಸೆಲ್‌ನ ಯಂತ್ರಗಳ ಸರದಿಯನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರಿನಿಂದ ತೆಗೆಸಿಕೊಳ್ಳಬಹುದು. ಜೊತೆಗೆ ಪ್ರತಿ ಶಿಫ್ಟಿನಿಂದ ಒಬ್ಬರಾದರೂ ನಿಮ್ಮೊಂದಿಗೆ ಕೂರಲು ಮ್ಯಾನೇಜರ್‌ರ ಒಪ್ಪಿಗೆ ಬೇಕು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯ.

ಹಂತ 1: ಮೂರೂ ಶಿಫ್ಟುಗಳಲ್ಲಿ ನಿಂತು ನೋಡಿ

ಸೆಲ್ ಹತ್ತಿರ ಯಾರು ಯಾರು ಬರುತ್ತಾರೆ ಎಂದು ಪಟ್ಟಿ ಮಾಡಿ. ಆಪರೇಟರ್ ಒಬ್ಬರೇ ಅಲ್ಲ. ಯಂತ್ರವನ್ನು ಕೆಲಸಕ್ಕೆ ಹೊಂದಿಸುವ ಸೆಟ್ಟರ್, ಕ್ವಾಲಿಟಿಯವರು, ಮೈಂಟೆನೆನ್ಸ್‌ನವರು, ಕೂಲೆಂಟ್ (ಕಡೆಯುವಾಗ ತಂಪಾಗಿಸುವ ದ್ರವ) ತುಂಬುವವರು, ನೆಲ ಒರೆಸುವವರು, ಫೋರ್ಕ್‌ಲಿಫ್ಟ್ ಓಡಿಸುವವರು, ನಿನ್ನೆಯಷ್ಟೇ ಸೇರಿದ ಐಟಿಐ ಟ್ರೇನಿ. ನೆಲ ಒರೆಸುವವರಿಗೆ ರೋಬೋಟಿನ ತರಬೇತಿಯನ್ನು ಯಾರೂ ಕೊಟ್ಟಿರುವುದಿಲ್ಲ. ಆದರೂ ಅವರು ದಿನವೂ ಬೇಲಿಯ ಅಂಚಿಗೆ ಬರುತ್ತಾರೆ.

ಕೆಲಸ ಸರಾಗವಾಗಿ ಸಾಗುವಾಗ ನಿಮಗೆ ಕಲಿಯಲು ಹೆಚ್ಚೇನೂ ಸಿಗದು. ಕೆಲಸ ನಿಂತಾಗ ಗಮನವಿಟ್ಟು ನೋಡಿ. ಆಪರೇಟರ್ ಮೊದಲು ಏನನ್ನು ನೋಡುತ್ತಾರೆ, ಟವರ್ ಲ್ಯಾಂಪನ್ನೋ (ಯಂತ್ರದ ಸ್ಥಿತಿ ತೋರಿಸುವ ಬಣ್ಣದ ದೀಪಗಳ ಕಂಬ), ಗ್ರಿಪ್ಪರನ್ನೋ (ಪಾರ್ಟ್ ಹಿಡಿಯುವ ರೋಬೋಟಿನ ಕೈ), ಲೇತಿನ ಗಾಜನ್ನೋ? ಯಾರನ್ನು ಕೂಗುತ್ತಾರೆ? ಎಷ್ಟು ಹೆಜ್ಜೆ ನಡೆದು ಸ್ಕ್ರೀನ್ ಮುಟ್ಟುತ್ತಾರೆ?

ಸಾಮಾನ್ಯ ತಪ್ಪು: ಹಗಲು ಪಾಳಿಯನ್ನು ಮಾತ್ರ ನೋಡುವುದು. ರಾತ್ರಿ ಪಾಳಿಯಲ್ಲಿ ಇಂಜಿನಿಯರ್ ಇರುವುದಿಲ್ಲ, ಮೈಂಟೆನೆನ್ಸ್‌ನವರು ಒಬ್ಬರೇ ಇರುತ್ತಾರೆ, ನಸುಕಿನ ಮೂರು ಗಂಟೆಗೆ ಎಲ್ಲರಿಗೂ ಕಣ್ಣು ಎಳೆಯುತ್ತಿರುತ್ತದೆ. ಮಾಹಿತಿಯ ಅಗತ್ಯ ನಿಜವಾಗಿ ಬೀಳುವುದು ಆಗ.

ಹಂತ 2: ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ

"ನಿಮಗೆ ಯಾವ ಮಾಹಿತಿ ಬೇಕು?" ಎಂದು ಕೇಳಬೇಡಿ. "ಎಲ್ಲ ಸರಿ ಇದೆ ಸಾರ್" ಎಂಬ ಉತ್ತರ ಬರುತ್ತದೆ. "ಕಳೆದ ಬಾರಿ ನಿಂತಾಗ ಏನಾಯಿತು, ಮೊದಲಿನಿಂದ ಹೇಳಿ" ಎಂದು ಕೇಳಿ. ಸಾಧ್ಯವಾದರೆ ಸೆಲ್ ಪಕ್ಕದಲ್ಲೇ ನಿಂತು, ಸೂಪರ್‌ವೈಸರ್ ಇಲ್ಲದಾಗ.

ನಾನು ನೋಡಿದ ಸೆಲ್‌ಗಳಲ್ಲೆಲ್ಲ ಪ್ರಶ್ನೆಗಳು ಸುತ್ತಿ ಸುಳಿದು ಇಲ್ಲಿಗೇ ಬರುತ್ತವೆ: ರೋಬೋಟ್ ಏಕೆ ನಿಂತಿದೆ? ತಾನಾಗಿಯೇ ಮತ್ತೆ ಹೊರಡುತ್ತದೆಯೇ? ಇದು ನಾನು ಸರಿಪಡಿಸಬಹುದಾದದ್ದೇ, ಇಲ್ಲವೇ ಯಾರನ್ನಾದರೂ ಕರೆಯಬೇಕೇ? ಮುಂದಿನ ಟ್ರೇ ಎಷ್ಟು ಹೊತ್ತಿಗೆ ಬೇಕು?

ಮೊದಲ ಎರಡು ಪ್ರಶ್ನೆಗಳ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಡೀ ವ್ಯವಸ್ಥೆ ಅವುಗಳ ಮೇಲೆ ನಿಂತಿದೆ. ನಮ್ಮ ಸೆಲ್‌ನಲ್ಲಿ ರೋಬೋಟ್ ದಿನಕ್ಕೆ ನೂರಾರು ಬಾರಿ ಅಲುಗದೆ ನಿಲ್ಲುತ್ತದೆ, ಲೇತಿನ ಕೆಲಸ ಮುಗಿಯಲೆಂದು. ಸೆನ್ಸರ್ ಸಿಗ್ನಲ್ ಬರದಿದ್ದಾಗಲೂ ಹಾಗೆಯೇ ನಿಲ್ಲುತ್ತದೆ. ಎಮರ್ಜೆನ್ಸಿ ಬಟನ್ ಒತ್ತಿದಾಗಲೂ ಹಾಗೆಯೇ. ಮೂರೂ ನಿಲುವುಗಳು ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಎರಡನೆಯದು ಅತ್ಯಂತ ಅಪಾಯಕಾರಿ: ಸೆನ್ಸರ್ ಮೇಲಿನ ಚಿಪ್ಸ್ ಒರೆಸಿದ ಕ್ಷಣವೇ ಸಿಗ್ನಲ್ ಸಿಕ್ಕಿ, ಒರೆಸಿದ ಕೈ ಇನ್ನೂ ಅಲ್ಲೇ ಇರುವಾಗ ರೋಬೋಟ್ ಹೊರಡಬಹುದು. ಬಾಗಿಲಿನ ಇಂಟರ್‌ಲಾಕ್ ಇರುವುದೇ ಇದನ್ನು ತಡೆಯಲು. ಆದರೆ ಏಕೆ ನಿಂತಿದೆ ಎಂಬುದು ತಿಳಿಯದ ಮನುಷ್ಯ ಇಂಟರ್‌ಲಾಕನ್ನು ತಪ್ಪಿಸಿ ಒಳಗೆ ನೋಡುವ ದಾರಿ ಹುಡುಕುತ್ತಾನೆ.

ಈ ಪಾಠಕ್ಕೆ ಜಗತ್ತು ಹಿಂದೆಯೇ ಬೆಲೆ ತೆತ್ತಿದೆ. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲ್ಯಾಟ್ ರಾಕ್‌ನ ಎರಕದ ಕಾರ್ಖಾನೆಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಾರ್ಮಿಕ, ಬಿಡಿಭಾಗಗಳನ್ನು ಎತ್ತಿ ತರುವ ರೋಬೋಟ್ ವ್ಯವಸ್ಥೆ ಸರಿಯಾಗಿ ಕೆಲಸ ಮಾಡದಿದ್ದಾಗ ದಾಸ್ತಾನಿನ ಕಪಾಟನ್ನು ತಾವೇ ಏರಿದ್ದರು. ಇನ್ನೂ ಚಾಲನೆಯಲ್ಲಿದ್ದ ಯಂತ್ರ ಹಿಂದಿನಿಂದ ಬಂದು ಅವರಿಗೆ ಬಡಿಯಿತು. ರೋಬೋಟಿನಿಂದ ಸತ್ತ ಮೊದಲ ಮನುಷ್ಯನೆಂದು ಅವರ ಹೆಸರು ದಾಖಲಾಗಿದೆ. 1981ರಲ್ಲಿ ಜಪಾನಿನ ಅಕಾಶಿಯ ಕಾರ್ಖಾನೆಯೊಂದರಲ್ಲಿ ಕೆಂಜಿ ಉರಾಡಾ ದುರಸ್ತಿಗೆಂದು ಬೇಲಿ ದಾಟಿದಾಗ ರೋಬೋಟ್ ಪೂರ್ಣವಾಗಿ ಬಂದ್ ಆಗಿರಲಿಲ್ಲ. ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಗೆ ಇಬ್ಬರ ಮುಂದೆಯೂ ಸ್ಪಷ್ಟ ಉತ್ತರ ಇರಲಿಲ್ಲ.

ಹಂತ 3: ಸ್ಥಿತಿಗಳನ್ನು ಐದಕ್ಕೆ ಇಳಿಸಿ

ಕಂಟ್ರೋಲರ್‌ಗೆ ನೂರಾರು ಸ್ಥಿತಿಗಳು ಗೊತ್ತು. ಪಕ್ಕದಲ್ಲಿ ನಿಂತವರಿಗೆ ಐದು ಸಾಕು. ನಮ್ಮ ಸೆಲ್‌ಗೆ ನಾನು ಬರೆಯುವ ಪದಗಳು ಇವು:

"ಚಲಿಸುತ್ತಿದೆ."
"ಲೇತಿಗಾಗಿ ಕಾಯುತ್ತಿದೆ. ತಾನಾಗಿಯೇ ಹೊರಡುತ್ತದೆ." ಇದರ ಪಕ್ಕದಲ್ಲಿ ಉಳಿದ ಸೆಕೆಂಡುಗಳು.
"ನಿಮಗಾಗಿ ಕಾಯುತ್ತಿದೆ." ಉದಾಹರಣೆಗೆ, ಟ್ರೇ ಖಾಲಿಯಾಗಿದೆ.
"ತೊಂದರೆಯಿಂದ ನಿಂತಿದೆ." ಕೆಳಗೆ ಕಾರಣ, ಮಾಡಬೇಕಾದ ಕೆಲಸ.
"ಬೀಗ ಹಾಕಿ ನಿಲ್ಲಿಸಲಾಗಿದೆ." ಒಳಗೆ ಯಾರೋ ಕೆಲಸ ಮಾಡುತ್ತಿದ್ದಾರೆ.

ಎರಡನೆಯದನ್ನೂ ಮೂರನೆಯದನ್ನೂ "ವೇಟಿಂಗ್" ಎಂಬ ಒಂದೇ ಪದದಲ್ಲಿ ಮುಚ್ಚಿಬಿಡುವ ಸ್ಕ್ರೀನ್‌ಗಳು ಬಹಳ. ಒಂದರಲ್ಲಿ ರೋಬೋಟ್ ಯಾವ ಕ್ಷಣದಲ್ಲಾದರೂ ಹೊರಡಬಹುದು, ಇನ್ನೊಂದರಲ್ಲಿ ಆಪರೇಟರ್ ಕೆಲಸ ಮುಗಿಸುವವರೆಗೂ ಕಾಯುತ್ತದೆ. ಇವನ್ನು ಬೇರ್ಪಡಿಸುವುದೊಂದೇ ಕೆಲಸವನ್ನು ನೀವು ಮಾಡಿದರೂ ಈ ಲೇಖನ ಬರೆದದ್ದು ಸಾರ್ಥಕ.

ಬಹು ಮುಖ್ಯ ಎಚ್ಚರಿಕೆ: "ಈಗ ಒಳಗೆ ಹೋಗಬಹುದು" ಎಂಬ ವಾಕ್ಯವನ್ನು ಸಾಮಾನ್ಯ ಸ್ಕ್ರೀನಿನಲ್ಲಿ ಎಂದೂ ಬರೆಯಬೇಡಿ. ಸ್ಕ್ರೀನ್ ಹ್ಯಾಂಗ್ ಆಗಬಹುದು, ಹಳೆಯ ಸ್ಥಿತಿಯನ್ನೇ ತೋರಿಸುತ್ತಾ ಕೂರಬಹುದು. ಒಳಗೆ ಹೋಗುವವರು ನಂಬಬೇಕಾದದ್ದು ವಿದ್ಯುತ್ತನ್ನೂ ಗಾಳಿಯ ಒತ್ತಡವನ್ನೂ ಕಡಿದು ಹಾಕಿದ ತಮ್ಮ ಬೀಗವನ್ನು, ತಮ್ಮ ಜೇಬಿನಲ್ಲಿರುವ ಅದರ ಕೀಲಿಕೈಯನ್ನು. ಸಂಪರ್ಕ ಕಡಿದುಹೋದರೆ ಸ್ಕ್ರೀನ್ ಖಾಲಿಯಾಗಬೇಕು, ಇಲ್ಲವೇ "ಮಾಹಿತಿ ಬರುತ್ತಿಲ್ಲ, ಚಲಿಸುತ್ತಿದೆ ಎಂದೇ ತಿಳಿಯಿರಿ" ಎನ್ನಬೇಕು.

ಹಂತ 4: ಬಣ್ಣದ ಗೊಂದಲ ಬಿಡಿಸಿ

ಯಂತ್ರಗಳ ವಿದ್ಯುತ್ ಉಪಕರಣಗಳ ಮಾನದಂಡ ಐಇಸಿ 60204-1 ಸೂಚಕ ದೀಪಗಳಿಗೆ ಅರ್ಥ ಕೊಟ್ಟಿದೆ. ಕೆಂಪು ಎಂದರೆ ಅಪಾಯ ಅಥವಾ ತುರ್ತು, ಹಳದಿ ಎಂದರೆ ಅಸಹಜ ಸ್ಥಿತಿ, ಹಸಿರು ಎಂದರೆ ಸಹಜ ಸ್ಥಿತಿ, ನೀಲಿ ಎಂದರೆ ಆಪರೇಟರ್ ಏನನ್ನೋ ಮಾಡಲೇಬೇಕು, ಬಿಳಿಗೆ ವಿಶೇಷ ಅರ್ಥವಿಲ್ಲ. ನಮ್ಮ "ನಿಮಗಾಗಿ ಕಾಯುತ್ತಿದೆ" ಸ್ಥಿತಿಗೆ ನೀಲಿ ಹೇಳಿ ಮಾಡಿಸಿದಂತಿದೆ. ಆದರೂ ಎಷ್ಟೋ ಟವರ್ ಲ್ಯಾಂಪ್‌ಗಳಲ್ಲಿ ನೀಲಿ ದೀಪವೇ ಇರುವುದಿಲ್ಲ. ಒಂದನ್ನು ಸೇರಿಸಿ, ದೊಡ್ಡ ಖರ್ಚಲ್ಲ.

ಹಸಿರಿನ ವಿಷಯದಲ್ಲಿ ಒಂದು ಬಲೆ ಇದೆ. ಟ್ರಾಫಿಕ್ ಸಿಗ್ನಲ್‌ನಲ್ಲಿ ಹಸಿರು ಎಂದರೆ "ಹೋಗಬಹುದು". ಯಂತ್ರದಲ್ಲಿ ಹಸಿರು ಎಂದರೆ "ಯಂತ್ರ ಓಡುತ್ತಿದೆ", ಅಂದರೆ ನೀವು ಹೋಗಬಾರದು. ಅನುಭವಿ ಆಪರೇಟರ್‌ಗೆ ಇದು ರೂಢಿಯಾಗಿರುತ್ತದೆ. ಹೊಸಬರಿಗೆ, ಬೇರೆ ವಿಭಾಗದಿಂದ ಬಂದವರಿಗೆ ಆಗಿರುವುದಿಲ್ಲ. ಆದ್ದರಿಂದ ಬಾಗಿಲಿನ ಬಳಿ ಬರಿಯ ದೀಪ ಬೇಡ, ಪಕ್ಕದಲ್ಲಿ ಪದ ಇರಲಿ. ಕೆಂಪು ಹಸಿರು ಬೇರ್ಪಡಿಸಿ ಕಾಣದ ಕಣ್ಣುಳ್ಳವರು ಯಾವ ಕಾರ್ಖಾನೆಯಲ್ಲಾದರೂ ಇರಬಹುದು, ಅದನ್ನು ಅವರು ಹೇಳಿಕೊಳ್ಳದೆಯೂ ಇರಬಹುದು. ಅವರಿಗಾಗಿ ದೀಪದ ಸ್ಥಾನ ಎಲ್ಲ ಸೆಲ್‌ಗಳಲ್ಲೂ ಒಂದೇ ಇರಬೇಕು, ಸ್ಕ್ರೀನಿನಲ್ಲಿ ಪ್ರತಿ ಸ್ಥಿತಿಗೂ ಬೇರೆ ಆಕಾರ ಇರಬೇಕು.

ಹಂತ 5: ಸಂದೇಶಗಳನ್ನು ಬರೆಯಿರಿ

ಅತಿ ಹೆಚ್ಚು ಸಮಯ ಬೇಡುವ ಹಂತ ಇದು. ಅಲಾರಂ ದಾಖಲೆಯನ್ನು ತೆಗೆದು, ಯಾವುದು ಎಷ್ಟು ಬಾರಿ ಬಂದಿದೆ ಎಂದು ಎಣಿಸಿ. ಬೆರಳೆಣಿಕೆಯ ಕೆಲವು ಅಲಾರಂಗಳೇ ಬಹುಪಾಲು ನಿಲುಗಡೆಗೆ ಕಾರಣವಾಗಿರುತ್ತವೆ. ಅವುಗಳನ್ನು ಮೊದಲು ತಿದ್ದಿ.

ನಮ್ಮ ಸೆಲ್‌ನ ಕಂಟ್ರೋಲರ್ "ಪಾರ್ಟ್ ಪ್ರೆಸೆನ್ಸ್ ಟೈಮ್‌ಔಟ್" ಎನ್ನುತ್ತದೆ. ಅದು ಪ್ರೋಗ್ರಾಂ ಬರೆದವರ ಭಾಷೆ. ಆಪರೇಟರ್‌ಗೆ ಹೀಗಿರಲಿ: "ಗ್ರಿಪ್ಪರ್ ಪಾರ್ಟ್ ಹಿಡಿದಿಲ್ಲ. ಟ್ರೇಯಲ್ಲಿ ಪಾರ್ಟ್ ಓರೆಯಾಗಿ ಕೂತಿದೆಯೇ ನೋಡಿ. ಕೂತಿದ್ದರೆ ಟ್ರೇಯನ್ನು ಹೊರಕ್ಕೆ ಎಳೆದು ಸರಿಪಡಿಸಿ, ನೀಲಿ ಬಟನ್ ಒತ್ತಿ. ಸರಿಯಾಗಿಯೇ ಇದ್ದರೆ ಮೈಂಟೆನೆನ್ಸ್‌ನವರನ್ನು ಕರೆಯಿರಿ. ಬಾಗಿಲು ತೆರೆಯಬೇಡಿ." ಏನಾಗಿದೆ, ಏನು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಮೂರೂ ಇದರಲ್ಲಿವೆ. ಮೂಲ ಅಲಾರಂ ಸಂಖ್ಯೆ ಮೂಲೆಯಲ್ಲಿ ಸಣ್ಣದಾಗಿ ಇರಲಿ, ಮೈಂಟೆನೆನ್ಸ್‌ನವರಿಗೆ ಫೋನಿನಲ್ಲಿ ಹೇಳಲು ಅದು ಬೇಕು.

ಕನ್ನಡದಲ್ಲಿ ಬರೆಯುವಾಗ ಎರಡು ಮಾತು. ಗ್ರಿಪ್ಪರ್, ಚಕ್, ಫಿಕ್ಸ್ಚರ್, ಇನ್ಸರ್ಟ್ ಇವೆಲ್ಲ ಕಾರ್ಖಾನೆಯಲ್ಲಿ ಬೇರೂರಿದ ಕನ್ನಡ ಪದಗಳೇ. ಅವಕ್ಕೆ ಹೊಸ ಪದ ಟಂಕಿಸಿದರೆ ಓದುವವರು ತಡವರಿಸುತ್ತಾರೆ, ಆ ತಡವರಿಕೆ ಇಲ್ಲಿ ದುಬಾರಿ. ಕ್ರಿಯಾಪದ ಮಾತ್ರ ಸ್ಪಷ್ಟ ಕನ್ನಡದಲ್ಲಿರಲಿ: ಒತ್ತಿ, ಎಳೆಯಿರಿ, ಕರೆಯಿರಿ, ತೆರೆಯಬೇಡಿ. ಏಕವಚನ ಬೇಡ. ದುಡಿಯುವವರನ್ನು ಯಂತ್ರವೂ ಗೌರವದಿಂದಲೇ ಮಾತನಾಡಿಸಬೇಕು.

ಕನ್ನಡ ಮಾತ್ರ ಸಾಲುತ್ತದೆಯೇ ಎಂಬುದನ್ನು ನಿಮ್ಮ ಹಾಜರಿ ಪುಸ್ತಕ ಹೇಳುತ್ತದೆ. ಒಡಿಶಾ, ಬಿಹಾರ, ಅಸ್ಸಾಂ ಕಡೆಯಿಂದ ಬಂದವರು ನಿಮ್ಮ ಶಿಫ್ಟಿನಲ್ಲಿದ್ದರೆ ಅವರು ಓದಬಲ್ಲ ಭಾಷೆಯೂ ಬೇಕು. ಕಾರ್ಖಾನೆಯಲ್ಲಿ ಹಾಕುವ ಕಾನೂನುಬದ್ಧ ಪ್ರಕಟಣೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ತನ್ನ 108ನೇ ಕಲಮಿನಲ್ಲಿ ಬರೆದಿಟ್ಟಿತು. ಗೋಡೆಯ ಮೇಲಿನ ನೋಟಿಸಿಗೆ ಅಂದೇ ಸಲ್ಲಿಸಿದ ಈ ಗೌರವವನ್ನು ರೋಬೋಟಿನ ಸ್ಕ್ರೀನಿಗೂ ಸಲ್ಲಿಸೋಣ. ಮೂರು ಭಾಷೆಗಳನ್ನು ಒಂದೇ ಪರದೆಯಲ್ಲಿ ತುರುಕುವ ಬದಲು, ಭಾಷೆ ಬದಲಿಸುವ ಬಟನ್ ಕೊಡಿ. ಯಾವ ಭಾಗ, ಯಾವ ಬಟನ್ ಎಂಬುದನ್ನು ಸೆಲ್‌ನದೇ ಫೋಟೋದಲ್ಲಿ ಬಾಣ ಹಾಕಿ ತೋರಿಸಿ.

ತಾಂತ್ರಿಕ ಎಡವಟ್ಟು: ಹಳೆಯ ಆಪರೇಟರ್ ಪ್ಯಾನೆಲ್‌ಗಳಲ್ಲಿ ಕನ್ನಡ ಫಾಂಟ್ ಇದ್ದರೂ ಒತ್ತಕ್ಷರ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಬೀಳುವುದುಂಟು. "ಫಿಕ್ಸ್ಚರ್" ಎಂಬ ಪದದಲ್ಲಿ ಪ್ಯಾನೆಲ್‌ನ ಬಂಡವಾಳ ಬಯಲಾಗುತ್ತದೆ. ಹಾಗಾದರೆ ಪ್ರತಿ ಸಂದೇಶವನ್ನೂ ಕಂಪ್ಯೂಟರಿನಲ್ಲಿ ಬರೆದು ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ತೋರಿಸಿ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಹಂತ 6: ಎಲ್ಲಿ, ಎಷ್ಟು ದೊಡ್ಡದಾಗಿ

ಮಾಹಿತಿ ಕಣ್ಣಿರುವ ಕಡೆ ಬರಬೇಕು. ಟ್ರೇ ತುಂಬುವವರ ಬೆನ್ನ ಹಿಂದೆ ಸ್ಕ್ರೀನ್ ಇದ್ದರೆ ಅದು ಇಲ್ಲದಂತೆಯೇ. ಅಕ್ಷರದ ಎತ್ತರಕ್ಕೆ ಒಂದು ಅಂದಾಜು ಸೂತ್ರ ಇದೆ: ಓದುವ ದೂರವನ್ನು 200ರಿಂದ ಭಾಗಿಸಿ. 3 ಮೀಟರ್ ದೂರಕ್ಕೆ 15 ಮಿಲಿಮೀಟರ್. ಕನ್ನಡಕ್ಕೆ ಇದನ್ನು ಮೂಲಾಕ್ಷರದ ಎತ್ತರ ಎಂದು ಹಿಡಿಯಿರಿ, ಒತ್ತು ಮತ್ತು ಗುಡಿಸು ಅದಕ್ಕೆ ಹೊರತು. ಕೂಲೆಂಟ್ ಸಿಡಿದು ಮಸುಕಾದ ಗಾಜು, ಸುರಕ್ಷಾ ಕನ್ನಡಕ, ಮೇಲಿನ ಟ್ಯೂಬ್‌ಲೈಟಿನ ಪ್ರತಿಫಲನ ಇವನ್ನೆಲ್ಲ ಜಾಗದಲ್ಲೇ ನಿಂತು ಪರೀಕ್ಷಿಸಿ. ಕೈಗವಸು ಹಾಕಿದ ಬೆರಳಿಗೆ ಟಚ್ ಸ್ಕ್ರೀನ್ ಸ್ಪಂದಿಸುತ್ತದೆಯೇ ಎಂದೂ ನೋಡಿ. ಸ್ಪಂದಿಸದಿದ್ದರೆ ನಿಜವಾದ ಬಟನ್ ಹಾಕಿಸಿ.

ಸದ್ದನ್ನು ಕಡಿಮೆ ಬಳಸಿ. ಪ್ರೆಸ್, ಲೇತ್, ಗಾಳಿಯ ಸದ್ದಿನ ನಡುವೆ, ಕಿವಿಗೆ ಪ್ಲಗ್ ಹಾಕಿದವರಿಗೆ ಎರಡು ಬಗೆಯ ಬಜರ್ ಬೇರ್ಪಡಿಸಿ ಕೇಳುವುದು ಕಷ್ಟ. ನಿಂತ ರೋಬೋಟ್ ಮತ್ತೆ ಹೊರಡುವ ಮುನ್ನ ಒಂದು ಸದ್ದು, ಬೇರೆ ಯಾವುದಕ್ಕೂ ಅದನ್ನು ಬಳಸಬಾರದು. ಪ್ರತಿ ಟ್ರೇಗೂ ಕಿರುಚುವ ಬಜರಿನ ವೈರನ್ನು ಯಾರೋ ಒಬ್ಬರು ಕತ್ತರಿಸಿಯೇ ತೀರುತ್ತಾರೆ. ಆಗ ಅವರನ್ನು ಬೈಯಬೇಡಿ, ಬಜರನ್ನು ತಿದ್ದಿ.

ರೋಬೋಟಿನ ಚಲನೆಯೂ ಮಾಹಿತಿಯೇ. ಕಾಯುವಾಗ ಅದು ಚಕ್ ಮುಂದೆ ಕೈ ಚಾಚಿ ನಿಲ್ಲುವ ಬದಲು ಯಾವಾಗಲೂ ಒಂದೇ ಜಾಗಕ್ಕೆ ಹಿಂದೆ ಸರಿದು ನಿಲ್ಲುವಂತೆ ಪ್ರೋಗ್ರಾಂ ಮಾಡಿಸಿ. ಕೆಲವೇ ದಿನಗಳಲ್ಲಿ ಜನ ಸ್ಕ್ರೀನ್ ನೋಡದೆಯೂ ಅದರ ನಿಲುವನ್ನು ಓದುತ್ತಾರೆ. ಬೇಲಿಯಿಲ್ಲದೆ ಮನುಷ್ಯರ ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡುವ ಕೋಬಾಟ್‌ಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಕೆಲಸ ಮಾಡುವವರ ಕಣ್ಣು ರೋಬೋಟಿನ ಕೈಯ ಮೇಲೆಯೇ ಇರುತ್ತದೆ.

ಹಂತ 7: ರಟ್ಟಿನಲ್ಲಿ ಮಾಡಿ, ತೋರಿಸಿ, ತಪ್ಪು ಎಣಿಸಿ

ಸಾಫ್ಟ್‌ವೇರ್‌ನವರಿಗೆ ಹಣ ಕೊಡುವ ಮೊದಲು ಐದೂ ಸ್ಥಿತಿಗಳನ್ನು ರಟ್ಟಿನ ಮೇಲೆ ನಿಜ ಅಳತೆಯಲ್ಲಿ ಬರೆದು ಸ್ಕ್ರೀನ್ ಬರುವ ಜಾಗಕ್ಕೆ ಅಂಟಿಸಿ. ಒಬ್ಬೊಬ್ಬರನ್ನೇ ಕರೆದು ಒಂದು ರಟ್ಟನ್ನು ಮೂರು ಸೆಕೆಂಡು ತೋರಿಸಿ ಮುಚ್ಚಿ. ಕೇಳಬೇಕಾದದ್ದು ಎರಡೇ: "ಈಗ ರೋಬೋಟ್ ತಾನಾಗಿ ಹೊರಡಬಹುದೇ?" "ನೀವು ಈಗ ಏನು ಮಾಡುತ್ತೀರಿ?" ಉತ್ತರ ತಪ್ಪಾದರೆ ತಪ್ಪು ರಟ್ಟಿನದು, ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಟ್ರೇನಿ, ರಾತ್ರಿ ಪಾಳಿಯವರು, ನೆಲ ಒರೆಸುವವರು ಈ ಪರೀಕ್ಷೆಯಲ್ಲಿ ಇರಲೇಬೇಕು. ಸಂದೇಶ ಬರೆದ ಇಂಜಿನಿಯರ್‌ಗೆ ಎಲ್ಲವೂ ಅರ್ಥವಾಗುತ್ತದೆ, ಅದು ಪುರಾವೆಯಲ್ಲ.

ಒಮ್ಮೆ ನಾನು "ಸೈಕಲ್ ಮುಗಿದ ಮೇಲೆ ನಿಲ್ಲುತ್ತದೆ" ಎಂದು ಬರೆದ ರಟ್ಟನ್ನು ಓದಿದವರಲ್ಲಿ ಕೆಲವರು ಅದನ್ನು "ಈಗ ನಿಂತಿದೆ" ಎಂದು ತಿಳಿದರು. "ಇನ್ನೂ ಚಲಿಸುತ್ತಿದೆ. ಈ ಪಾರ್ಟ್ ಮುಗಿದ ಮೇಲೆ ನಿಲ್ಲುತ್ತದೆ" ಎಂದು ತಿರುಗಿಸಿ ಬರೆದ ಮೇಲೆ ಗೊಂದಲ ಹೋಯಿತು. ಮೊದಲು ಈಗಿನ ಸ್ಥಿತಿ, ಆಮೇಲೆ ಮುಂದಿನದು.

ಹಂತ 8: ಎಣಿಕೆಯನ್ನು ಮನುಷ್ಯರ ಮೇಲೆ ತಿರುಗಿಸಬೇಡಿ

ವ್ಯವಸ್ಥೆ ಬಂದ ಕೂಡಲೇ ಮ್ಯಾನೇಜ್‌ಮೆಂಟಿನಿಂದ ಒಂದು ಕೋರಿಕೆ ಬರುತ್ತದೆ: ಯಾವ ಆಪರೇಟರ್ ಎಷ್ಟು ಬಾರಿ ನಿಲ್ಲಿಸಿದರು, ಅದನ್ನೂ ಸ್ಕ್ರೀನಿನಲ್ಲಿ ಹಾಕಿ. ದಯವಿಟ್ಟು ಒಪ್ಪಬೇಡಿ. ನಿಲ್ಲಿಸಿದ್ದಕ್ಕೆ ಹೆಸರು ಮೇಲೆ ಬರುತ್ತದೆ ಎಂದಾದ ದಿನ, ನಿಲ್ಲಿಸಬೇಕಾದಾಗಲೂ ಜನ ನಿಲ್ಲಿಸುವುದಿಲ್ಲ, ಓಡುವ ಯಂತ್ರದೊಳಗೆ ಕೈ ಹಾಕುತ್ತಾರೆ. ಟೊಯೋಟಾ ತನ್ನ ಲೈನ್‌ಗಳಲ್ಲಿ ಆಂಡಾನ್ ಹಗ್ಗ ಇಟ್ಟದ್ದು ಯಾವ ಕಾರ್ಮಿಕನಾದರೂ ತೊಂದರೆ ಕಂಡಾಗ ಎಳೆದು ಸಹಾಯ ಕರೆಯಲಿ ಎಂದು. ಜಪಾನಿ ಭಾಷೆಯಲ್ಲಿ ಆಂಡಾನ್ ಎಂದರೆ ಕಾಗದದ ಲಾಂದ್ರ. ನಿಲುಗಡೆಗಳನ್ನು ಎಣಿಸಿ, ಆದರೆ ಕಾರಣದ ಲೆಕ್ಕದಲ್ಲಿ: ಸೆನ್ಸರ್ ಎಷ್ಟು, ಟ್ರೇ ಎಷ್ಟು, ಚಿಪ್ಸ್ ಎಷ್ಟು.

ಹಂತ 9: ಪಾಳಿ ಬದಲಾಗುವಾಗ, ಪ್ರೋಗ್ರಾಂ ಬದಲಾದಾಗ

ಪಾಳಿ ಬದಲಾಗುವ ಹತ್ತು ನಿಮಿಷದಲ್ಲಿ ಮಾಹಿತಿ ಸೋರಿಹೋಗುತ್ತದೆ. "ಎರಡನೇ ಲೇತಿನ ಸೆನ್ಸರ್ ಸಡಿಲವಾಗಿದೆ" ಎಂಬ ಮಾತು ಹೊರಟವರ ತಲೆಯಲ್ಲೇ ಮನೆಗೆ ಹೋಗುತ್ತದೆ. ಸ್ಕ್ರೀನಿನ ಕೆಳಗೆ ಒಂದು ಬಿಳಿ ಬೋರ್ಡ್, ಒಂದು ಪೆನ್ನು ಕಟ್ಟಿಡಿ. ಮೂರು ಸಾಲು ಸಾಕು: ಈಗ ಸರಿಯಿಲ್ಲದ್ದು ಏನು, ಯಾರಿಗೆ ತಿಳಿಸಿದೆ, ಯಾವ ರಕ್ಷಣೆಯನ್ನಾದರೂ ತಾತ್ಕಾಲಿಕವಾಗಿ ತೆಗೆಯಲಾಗಿದೆಯೇ. ಮೂರನೆಯದಕ್ಕೆ ಉತ್ತರ "ಹೌದು" ಆಗಿದ್ದರೆ ಹೊಸ ಪಾಳಿ ಸೆಲ್ ಶುರು ಮಾಡಬಾರದು.

ರೋಬೋಟಿನ ಪ್ರೋಗ್ರಾಂ ಬದಲಿಸಿದವರು ಸಂದೇಶಗಳ ಪಟ್ಟಿಯನ್ನು ಮುಟ್ಟದೆ ಹೊರಟುಬಿಡುವುದು ನಾನು ಎಲ್ಲ ಕಡೆ ಕಾಣುವ ಕೊನೆಯ ತಪ್ಪು. ಹೊಸ ಪಾರ್ಟ್ ಬಂದಿರುತ್ತದೆ, ಟ್ರೇ ಬದಲಾಗಿರುತ್ತದೆ, ಸ್ಕ್ರೀನ್ ಮಾತ್ರ ಹಳೆಯ ಟ್ರೇಯ ಫೋಟೋ ತೋರಿಸುತ್ತಿರುತ್ತದೆ. ಎರಡು ಬಾರಿ ಸುಳ್ಳು ಹೇಳಿದ ಸ್ಕ್ರೀನನ್ನು ಮೂರನೆಯ ಬಾರಿ ಯಾರೂ ನೋಡುವುದಿಲ್ಲ. ಸಂದೇಶಗಳ ಪಟ್ಟಿಯನ್ನು ಮುದ್ರಿಸಿ ಕಂಟ್ರೋಲ್ ಪ್ಯಾನೆಲ್‌ನ ಬಾಗಿಲಿನ ಒಳಬದಿಗೆ ಅಂಟಿಸಿ. ಪ್ರೋಗ್ರಾಂ ತಿದ್ದಿದ ಪ್ರತಿಯೊಬ್ಬರೂ ಆ ಪಟ್ಟಿಯನ್ನು ಓದಿ, ತಿದ್ದಿ, ದಿನಾಂಕ ಹಾಕಿ ಸಹಿ ಮಾಡಲಿ. ಆ ಪಾಳಿಯ ಆಪರೇಟರ್ ಪಕ್ಕದಲ್ಲಿ ಎರಡನೇ ಸಹಿ ಹಾಕಲಿ.